ಹೊಳೆಯಾಚೆಯ ಎರಡು ಮೈಲಿ

ಮೊನ್ನೆ ಬೆಂಗಳೂರಿನಿಂದ ನನ್ನ ತಂಗಿಯ ಮೊಮ್ಮಗ ದೂರವಾಣಿ ಮಾಡಿದ್ದ. "ತಾತ, ಬೆಳಿಗ್ಗೆ ಜೋಗ ನೋಡಿಕೊಂಡು, ಮಧ್ಯಾಹ್ನ ಸಿಗಂದೂರಲ್ಲಿ ಊಟ ಮಾಡಿ, ಸಂಜೆ ಕೊಡಚಾದ್ರಿ ಹತ್ತಿ ಇಳಿದು, ರಾತ್ರಿ ಕೊಲ್ಲೂರಲ್ಲಿ ಉಳಿಯೋದು ಅಂತ ಅಂದುಕೊಂಡಿದೀವಿ. ಆಗುತ್ತಲ್ಲ? ಫೋನಿನಲ್ಲಿ ನೋಡಿದರೆ ಎಲ್ಲ ಪಕ್ಕಪಕ್ಕದಲ್ಲೇ ಇವೆ." ನನಗೆ ನಗು ಬಂತು. ಅವನನ್ನು ಕಂಡಲ್ಲ, ನನ್ನನ್ನೇ ನೆನೆದು. ನಲವತ್ತೆಂಟು ವರ್ಷಗಳ ಹಿಂದೆ ಅದೇ ನೆಲಕ್ಕೆ ಕಾಲಿಟ್ಟಾಗ ನಾನೂ ಹೀಗೆಯೇ ಲೆಕ್ಕ ಹಾಕಿದ್ದೆ. ಅವನ ಲೆಕ್ಕ ತಪ್ಪಿದರೆ ಒಂದು ದಿನದ ಪ್ರವಾಸ ಕೆಡುತ್ತದೆ, ಅಷ್ಟೇ. ನನ್ನ ಲೆಕ್ಕ ತಪ್ಪಿದ್ದಕ್ಕೆ ಬೆಲೆ ತೆತ್ತವರು ಬೇರೆಯವರು.

ನಾನು ಬಯಲುಸೀಮೆಯವನು. ನಮ್ಮ ಕಡೆ ದೂರವೆಂಬುದು ಕಣ್ಣಿಗೆ ಕಾಣುವ ವಸ್ತು. ಕೆರೆಯ ಏರಿಯ ಮೇಲೆ ನಿಂತರೆ ಮುಂದಿನ ಊರಿನ ಗೋಪುರ, ಅದರಾಚೆಯ ಊರಿನ ತೆಂಗಿನ ತೋಪು ಎಲ್ಲವೂ ಕಾಣುತ್ತವೆ. ಕಂಡ ಕಡೆಗೆ ನೆಟ್ಟಗೆ ನಡೆದರಾಯಿತು. ಎರಡು ಮೈಲಿ ಎಂದರೆ ಮುಕ್ಕಾಲು ಗಂಟೆ, ಮಳೆಗಾಲದಲ್ಲೂ ಅಷ್ಟೇ, ಬೇಸಿಗೆಯಲ್ಲೂ ಅಷ್ಟೇ. ಹೀಗಾಗಿ ಮೈಲಿ ಎಂಬುದು ಎಲ್ಲೆಡೆಯೂ ಒಂದೇ ಎಂದು ನಂಬಿ ನಾನು ಬೆಳೆದೆ.

ನಮ್ಮ ಹಿರಿಯರು ಮಾತ್ರ ಹಾಗೆ ನಂಬಿದ್ದವರಲ್ಲ. ಹರದಾರಿ, ಗಾವುದ, ಕೂಗಳತೆ ಮೊದಲಾದ ಮಾತುಗಳನ್ನು ಗಮನಿಸಿ. ಹರದಾರಿಯೆಂದರೆ ಸುಮಾರು ಮೂರು ಮೈಲಿ, ನಾಲ್ಕು ಹರದಾರಿಗೆ ಒಂದು ಗಾವುದ ಎಂದು ನಿಘಂಟು ಹೇಳುತ್ತದೆಯಾದರೂ, ಬಳಕೆಯಲ್ಲಿ ಅವು ನೆಲದ ಅಳತೆಗಿಂತ ನಡಿಗೆಯ ಅಳತೆಗಳು. ಕೂಗಳತೆಯಂತೂ ಕೊರಳಿನ ಶಕ್ತಿಗೂ ಗಾಳಿಯ ದಿಕ್ಕಿಗೂ ಸೇರಿದ ಲೆಕ್ಕ. 1799ರಲ್ಲಿ ಟಿಪ್ಪು ಮಡಿದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನ ಗ್ರಂಥವನ್ನು (1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು) ಓದಿದವರಿಗೆ ಗೊತ್ತಿರಬಹುದು: ಆತ ತನ್ನ ದಾರಿಯನ್ನು ಪದೇಪದೇ 'ಸುಲ್ತಾನೀ ಕೋಸು'ಗಳಲ್ಲಿ ಎಣಿಸುತ್ತಾನೆ. ಸ್ಕಾಟ್ಲೆಂಡಿನವನು, ಮೈಲಿ ಅವನ ಸ್ವಂತ ಅಳತೆ. ಆದರೂ ಊರವರು ಹೇಳಿದ ಅಳತೆಯನ್ನೇ ಬರೆದುಕೊಂಡ. ಮುಂದೆ ಬಂದ ಕಚೇರಿಗಳಿಗೆ ಆ ತಾಳ್ಮೆ ಇರಲಿಲ್ಲ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ಕ್ರಮೇಣ ಮೈಲಿಗಲ್ಲುಗಳೂ ಕಿಲೋಮೀಟರಿಗೆ ತಿರುಗಿದವು. ಹಳ್ಳಿಗರ ಬಾಯಲ್ಲಿ ಮಾತ್ರ ಮೈಲಿ ಉಳಿದುಕೊಂಡಿತು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಕಚೇರಿಯ ಕಾಗದ ಕಿಲೋಮೀಟರಿನಲ್ಲಿ, ಶಾಲೆಯ ಹಳೆಯ ವಹಿ ಮೈಲಿಯಲ್ಲಿ, ಮಕ್ಕಳ ಮಾತು "ಇಲ್ಲೇ, ಹತ್ರ" ಎಂಬುದರಲ್ಲಿ ನಡೆಯುತ್ತಿತ್ತು.

ಕೆಲಸಕ್ಕೆ ಸೇರಿದ್ದು 1977ರಲ್ಲಿ, ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನಾಚೆಯ ಒಂದು ಪ್ರೌಢಶಾಲೆಗೆ. ಈ ಸೀಮೆಯನ್ನು ಕಾಣದ ನೆಂಟರಿಗಾಗಿ ಎರಡು ಮಾತು. ಶರಾವತಿಗೆ ಮೊದಲು ಅಡ್ಡ ನಿಂತದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು; 1939ರಲ್ಲಿ ಶುರುವಾದ ಕೆಲಸ 1948ರ ಹೊತ್ತಿಗೆ ಮುಗಿಯಿತು. ಬಳಿಕ 1964ರಲ್ಲಿ ಜೋಗದ ಹತ್ತಿರ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅದು ಎಷ್ಟು ದೊಡ್ಡದೆಂದರೆ ಮೊದಲಿನ ಅಣೆಕಟ್ಟೆಯೇ ಅದರ ನೀರಿನಲ್ಲಿ ಮುಳುಗಿಹೋಯಿತು. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1819 ಅಡಿ. ಊರುಗಳು, ಗದ್ದೆಗಳು, ತೋಟಗಳು ಮುಳುಗಿದವು. ಜನ ಚೆದುರಿದರು. ಆ ಸಂಕಟದ ಕಥೆಯನ್ನು ನಾ. ಡಿಸೋಜರು ಬರೆದಿದ್ದಾರೆ, ನಾನು ಮತ್ತೆ ಹೇಳಬೇಕಾಗಿಲ್ಲ. ಕರೂರು, ಬಾರಂಗಿ ಹೋಬಳಿಗಳ ಜನ ಮಾತ್ರ ಇದ್ದಲ್ಲೇ ಇದ್ದು ತಾಲ್ಲೂಕು ಕೇಂದ್ರದಿಂದ ಬೇರ್ಪಟ್ಟರು. ಭೂಗೋಳದ ಮೇಷ್ಟ್ರು ದ್ವೀಪ ಎನ್ನಲಾಗದ, ಒಂದು ಕಡೆ ಘಟ್ಟಕ್ಕೆ ಅಂಟಿಕೊಂಡ ನೆಲ ಅದು. ಆದರೂ ಎಲ್ಲರೂ ದ್ವೀಪವೆಂದೇ ಕರೆದರು. ಸಾಗರಕ್ಕೆ ಬರಲು ಹೊಳೆಬಾಗಿಲು, ಹಸಿರುಮಕ್ಕಿ, ಮುಪ್ಪಾನೆಗಳಲ್ಲಿ ಲಾಂಚ್ ಹಿಡಿಯಬೇಕು. ಇಲ್ಲವಾದರೆ ಕೋಗಾರು, ಕಾರ್ಗಲ್ ಸುತ್ತಿ ಬರಬೇಕು. ಸುತ್ತುದಾರಿ ಸುಮಾರು 80 ಕಿಲೋಮೀಟರು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಎದುರು ದಡದ ದೀಪ ಕಣ್ಣಿಗೆ ಹತ್ತಿರ, ಕಾಲಿಗೆ 80 ಕಿಲೋಮೀಟರು ದೂರ.

ಇನ್ನೊಂದು ಸಂಗತಿಯನ್ನು ಹೊರಗಿನವರು ಸುಲಭವಾಗಿ ಗ್ರಹಿಸುವುದಿಲ್ಲ. ಮಲೆನಾಡಿನಲ್ಲಿ ಊರೆಂದರೆ ಬೀದಿಯಲ್ಲ. ಒಂದು ಗುಡ್ಡದ ಮಗ್ಗುಲಲ್ಲಿ ಎರಡು ಮನೆ, ಹಳ್ಳ ದಾಟಿ ಒಂದು, ಕಾಡಿನಂಚಿನಲ್ಲಿ ಮತ್ತೊಂದು. ಇವೆಲ್ಲ ಸೇರಿ ಕಂದಾಯದ ಕಾಗದದಲ್ಲಿ ಒಂದು ಗ್ರಾಮ. "ಶಾಲೆಯಿಂದ ಗ್ರಾಮಕ್ಕೆ ಇಷ್ಟು ದೂರ" ಎಂದು ಬರೆದಿದ್ದರೆ ಯಾವ ಮನೆಗೆ ಎಂದು ಕೇಳಬೇಕು. ನಾನು ಕೇಳಲಿಲ್ಲ.

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ, ನಿಮ್ಮಲ್ಲಿ ಕೆಲವರಿಗೆ ಗೊತ್ತೇ ಇದೆ. ದಾಖಲೆಯಲ್ಲಿ ಅವನ ಮನೆ ಎರಡು ಮೈಲಿ. ಜೂನಿನಲ್ಲಿ ಗಂಟೆಗೆ ಸರಿಯಾಗಿ ಬರುತ್ತಿದ್ದವನು ಜುಲೈ ಮಧ್ಯದಲ್ಲಿ ಕಾಲು ಗಂಟೆ ತಡವಾದ. ಮುಂದಿನ ವಾರ ಅರ್ಧ ಗಂಟೆ. ಆಗಸ್ಟ್ ಬರುವಷ್ಟರಲ್ಲಿ ಮೊದಲನೆಯ ಪಾಠ ಮುಗಿದ ಮೇಲೆ ಬಾಗಿಲಲ್ಲಿ ನಿಂತಿರುತ್ತಿದ್ದ, ಕಂಬಳಿಕೊಪ್ಪೆಯಿಂದ ನೀರು ಸುರಿಯುತ್ತಿತ್ತು. ಕೇಳಿದರೆ ತಲೆ ತಗ್ಗಿಸುತ್ತಿದ್ದನೇ ಹೊರತು ಕಾರಣ ಹೇಳುತ್ತಿರಲಿಲ್ಲ. ದಿನೇ ದಿನೇ ಸೋಮಾರಿತನ ಹೆಚ್ಚುತ್ತಿದೆ ಎಂದು ನಾನು ತೀರ್ಮಾನಿಸಿದೆ. ಗಣಿತದ ಮೇಷ್ಟ್ರಲ್ಲವೇ? ತಡವು ವಾರದಿಂದ ವಾರಕ್ಕೆ ಕ್ರಮಬದ್ಧವಾಗಿ ಏರುತ್ತಿದ್ದುದು ಕಂಡಿತು, ಕಾರಣ ಮಾತ್ರ ಹೊಳೆಯಲಿಲ್ಲ. ಮೂರು ದಿನ ಹೊರಗೆ ನಿಲ್ಲಿಸಿದೆ. ಅಂಗೈಗೆ ಬೆತ್ತದ ಏಟನ್ನೂ ಕೊಟ್ಟೆ. ನಾಲ್ಕನೆಯ ದಿನ ಅವನು ಬರಲಿಲ್ಲ. ಆ ವಾರವೂ ಬರಲಿಲ್ಲ, ಮರುವಾರವೂ ಬರಲಿಲ್ಲ.

ಒಂದು ಭಾನುವಾರ ಅವನ ಮನೆಗೆ ಹೊರಟೆ. ಎಂಟು ಗಂಟೆಗೆ ಹೊರಟರೆ ಒಂಬತ್ತಕ್ಕೆ ಅಲ್ಲಿ, ಊಟಕ್ಕೆ ಮರಳಿ ಕೊಠಡಿಗೆ ಎಂದು ಲೆಕ್ಕ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿದೆ. ಎಲ್ಲರದೂ ಒಂದೇ ಉತ್ತರ: "ಇಲ್ಲೇ ಮೇಷ್ಟ್ರೇ, ಗುಡ್ಡದಾಚೆ." ಗುಡ್ಡದಾಚೆ ಇದ್ದದ್ದು ನೀರು. ಹಿನ್ನೀರು ಕಣಿವೆಯೊಳಕ್ಕೆ ಬೆರಳು ತೂರಿಸಿದಂತೆ ಚಾಚಿಕೊಂಡಿತ್ತು. ಕಾಲುದಾರಿ ಇಳಿಜಾರಿನಲ್ಲಿ ಇಳಿದು ಆ ನೀರಿನೊಳಕ್ಕೇ ಹೋಗಿ ಮರೆಯಾಗಿತ್ತು. ಆಚೆ ದಡದಲ್ಲಿ ಅದೇ ದಾರಿ ಮತ್ತೆ ಎದ್ದು ಮೇಲೆ ಹತ್ತುವುದು ಸ್ಪಷ್ಟವಾಗಿ ಕಾಣುತ್ತಿತ್ತು. ನಡುವೆ ಒಂದು ಕೂಗಳತೆ.

ಆ ಬೆರಳನ್ನು ಸುತ್ತಲು ಒಂದೂವರೆ ಗಂಟೆ ಹಿಡಿಯಿತು. ತುದಿಯಲ್ಲಿ ಹಳ್ಳ, ಹಳ್ಳಕ್ಕೆ ಹಾಕಿದ್ದ ಸಂಕ ತೇಲಿಹೋಗಿತ್ತು. ಇನ್ನೂ ಮೇಲಕ್ಕೆ ಹೋಗಿ ಅಡ್ಡಬಿದ್ದ ಮರವೊಂದರ ಮೇಲೆ ಕೂತು ತೆವಳಿಕೊಂಡು ದಾಟಿದೆ. (ಈ ದೃಶ್ಯವನ್ನು ಯಾರೂ ನೋಡಲಿಲ್ಲವೆಂದು ಬಹುಕಾಲ ಸಮಾಧಾನಪಟ್ಟಿದ್ದೆ. ಇಪ್ಪತ್ತು ವರ್ಷದ ಮೇಲೆ ಒಬ್ಬ ಹಳೆಯ ವಿದ್ಯಾರ್ಥಿ ತನ್ನ ಮದುವೆಯ ಚಪ್ಪರದಲ್ಲಿ ಅದನ್ನು ಅಭಿನಯಿಸಿ ತೋರಿಸಿದ.) ಅಂಗಳ ತಲುಪಿದಾಗ ಗಡಿಯಾರದಲ್ಲಿ ಹನ್ನೆರಡು ದಾಟಿತ್ತು. ಕಾಲಿನಲ್ಲಿ ಉಂಬಳಗಳು ಕಚ್ಚಿಕೊಂಡಿದ್ದವು. ಹುಡುಗನ ತಾಯಿ ಒಂದು ಮಾತೂ ಆಡದೆ ಸುಣ್ಣ ತಂದು ಮುಂದಿಟ್ಟಳು.

ತಂದೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ನೀರು ದಿನಾ ಏರ್ತದೆ ಮೇಷ್ಟ್ರೇ. ಏರಿದಷ್ಟೂ ಸುತ್ತು ಜಾಸ್ತಿ. ತೆಪ್ಪದಲ್ಲಿ ಕಳ್ಸಾಣ ಅಂದ್ರೆ ಗಾಳಿ, ಹೆದ್ರಿಕೆ ಆಗ್ತದೆ. ನೀರು ಇಳೀಲಿ, ಕಳ್ಸ್ತೀವಿ." ನೀರು ಇಳಿಯುವುದು ಯಾವಾಗ ಎಂದು ಕೇಳಿದೆ. ಸಂಕ್ರಾಂತಿ ಕಳೆಯಬೇಕು ಎಂದ.

ಹುಡುಗನ ತಡವೆಂದರೆ ಅಣೆಕಟ್ಟೆಯ ಮಟ್ಟವಾಗಿತ್ತು. ಲಿಂಗನಮಕ್ಕಿಯಲ್ಲಿ ನೀರು ಏರಿದಂತೆ ಆ ಬೆರಳಿನ ತುದಿ ಕಣಿವೆಯಲ್ಲಿ ಮೇಲುಮೇಲಕ್ಕೆ ಸರಿಯುತ್ತಿತ್ತು. ಅವನು ದಿನವೂ ನಿನ್ನೆಗಿಂತ ತುಸು ಹೆಚ್ಚು ನಡೆಯುತ್ತಿದ್ದ. ಹಾಗಾದರೆ ಆ ಎರಡು ಮೈಲಿ ಎಲ್ಲಿಂದ ಬಂತು? ಮುಖ್ಯೋಪಾಧ್ಯಾಯರ ಬಳಿ ಹಳೆಯ ವಹಿಗಳನ್ನು ಕೇಳಿ ತೆಗೆಸಿ ನೋಡಿದೆ. ಮುಳುಗಡೆಗೆ ಮುಂಚಿನ ಪ್ರಾಥಮಿಕ ಶಾಲೆಯ ಕಾಲದಲ್ಲಿ ಯಾರೋ ಪುಣ್ಯಾತ್ಮರು ಗ್ರಾಮಗಳ ದೂರವನ್ನು ಬರೆದಿಟ್ಟಿದ್ದರು. ಅದೇ ಅಂಕಿಯನ್ನು ಮುಂದಿನವರು ವರ್ಷ ವರ್ಷವೂ ನಕಲು ಮಾಡುತ್ತ ಬಂದಿದ್ದರು. ದಾರಿ ಮುಳುಗಿ ಹದಿಮೂರು ವರ್ಷವಾಗಿತ್ತು, ಕಾಗದದಲ್ಲಿ ಅದು ಒಣಗಿಯೇ ಇತ್ತು.

ಮಳೆಗಾಲದ ಮೂರು ತಿಂಗಳು ಶಾಲೆಯನ್ನು ಒಂದು ಗಂಟೆ ತಡವಾಗಿ ಆರಂಭಿಸಲು ಅನುಮತಿ ಬೇಡಿ ಅರ್ಜಿ ಬರೆದೆವು. ಯಾವ ವಿದ್ಯಾರ್ಥಿಯೂ ದಾಖಲೆಯ ಪ್ರಕಾರ ಅಷ್ಟು ದೂರದಿಂದ ಬರುತ್ತಿಲ್ಲವಾದ್ದರಿಂದ ಪರಿಗಣಿಸಲಾಗದು ಎಂಬ ಉತ್ತರ ಬಂತು. ನಾವೇ ಕಳಿಸಿದ ದಾಖಲೆ, ಯಾರನ್ನು ದೂರುವುದು? ಎರಡು ತಿಂಗಳ ಮೇಲೆ ತನಿಖೆಗೆ ಅಧಿಕಾರಿಯೊಬ್ಬರು ಬಂದರು. ಸಜ್ಜನರು. ನಾಲ್ಕು ಗಂಟೆಗೆ ಕೆಲಸ ಮುಗಿಸಿ, "ಸಾಗರ ಇಲ್ಲೇ ತಾನೇ, ರಾತ್ರಿ ಊಟಕ್ಕೆ ಮನೆಯಲ್ಲಿರುತ್ತೇನೆ" ಎಂದು ಹೊರಟವರು, ಬಸ್ಸು ಕೆಸರಿನಲ್ಲಿ ಹೂತು ಕೊನೆಯ ಲಾಂಚ್ ತಪ್ಪಿ, ಕತ್ತಲಲ್ಲಿ ನಡೆದುಕೊಂಡು ನನ್ನ ಕೊಠಡಿಗೆ ಮರಳಿದರು. ಇದ್ದ ಒಂದು ಚಾಪೆ ಅವರಿಗೆ, ಕಂಬಳಿ ನನಗೆ. ಬೆಳಿಗ್ಗೆ ಹೊರಡುವಾಗ ಮುಖ್ಯೋಪಾಧ್ಯಾಯರಿಗೆ, "ಗಂಟೆ ಹೊಡೆಯುವುದು ನಿಮ್ಮ ಜವಾನ ತಾನೇ? ಅವನ ಗಡಿಯಾರ ತುಸು ಹಿಂದಿದ್ದರೆ ನಾನೇನೂ ಬರೆಯುವುದಿಲ್ಲ" ಎಂದರು. ಆಮೇಲೆ ಪ್ರತಿ ಮಳೆಗಾಲದಲ್ಲೂ ನಮ್ಮ ಜವಾನನ ಗಡಿಯಾರ ಒಂದು ಗಂಟೆ ಹಿಂದಿರುತ್ತಿತ್ತು.

ಹುಡುಗನನ್ನು ಶಾಲೆಯ ಸಮೀಪದ ನೆಂಟರ ಮನೆಯಲ್ಲಿ ಬಿಟ್ಟರು. ವರ್ಷ ಉಳಿಯಿತು. ಮುಂದೆ ಹತ್ತನೆಯ ತರಗತಿಯನ್ನೂ ಪಾಸು ಮಾಡಿದ.

ಬಹಳ ನೀರು ಇಳಿದಿದ್ದ ಒಂದು ಬೇಸಿಗೆಯಲ್ಲಿ ಅವನ ತಂದೆ ನನ್ನನ್ನು ಕರೆದುಕೊಂಡು ಆ ಹಳೆಯ ದಾರಿಯನ್ನು ತೋರಿಸಿದ. ಒಡೆದ ಕೆಸರಿನ ನಡುವೆ ಗಾಡಿಯ ಹಾದಿ, ಕಲ್ಲಿನ ಮೋರಿ, ಕೊಂಬೆಗಳಿಲ್ಲದೆ ಕರಿಯ ಬೊಡ್ಡೆಗಳಾಗಿ ನಿಂತ ಮರಗಳು ಹಾಗೇ ಇದ್ದವು. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಮುಳುಗಿದ ಅಣೆಕಟ್ಟೆಯೂ ಹೀಗೆಯೇ ತನ್ನ ಸೈಫನ್ನುಗಳ ಸಮೇತ ಮೇಲೇಳುತ್ತದೆ. ನಾನು ಗಡಿಯಾರ ನೋಡಿಕೊಂಡು ನಡೆದೆ. ಶಾಲೆಯ ಕೆಳಗಿನ ತಿರುವಿನಿಂದ ಅವನ ಅಂಗಳಕ್ಕೆ ನಲವತ್ತು ನಿಮಿಷ, ಸರಿಯಾಗಿ ಎರಡು ಮೈಲಿ. ವಹಿಯಲ್ಲಿ ಬರೆದ ಪುಣ್ಯಾತ್ಮರು ಒಂದು ಫರ್ಲಾಂಗನ್ನೂ ತಪ್ಪಿರಲಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರು. 2023ರಲ್ಲಿ ನೀರು ತಳ ಕಂಡು ಲಾಂಚಿನಲ್ಲಿ ವಾಹನ ಹೇರುವುದನ್ನೇ ನಿಲ್ಲಿಸಿದ್ದಾಗ ರೋಗಿಗಳನ್ನು ಸುತ್ತುದಾರಿಯಲ್ಲಿ ಒಯ್ದವರಿಗೆ ಅದರ ಬೆಲೆ ಗೊತ್ತು. ಸೇತುವೆಯಾದ ವಾರದಲ್ಲಿ ಆ ಹುಡುಗ (ಈಗ ಅವನಿಗೂ ಮೊಮ್ಮಕ್ಕಳು) ಅದರ ಮೇಲಿಂದಲೇ ಫೋನು ಮಾಡಿದ. "ಸಾರ್, ಹತ್ತಿದ್ದೂ ಗೊತ್ತಾಗಲಿಲ್ಲ, ಇಳಿದದ್ದೂ ಗೊತ್ತಾಗಲಿಲ್ಲ." ನಿನ್ನ ಮನೆಗೆ ಈಗ ಎಷ್ಟು ದೂರ ಎಂದು ಕೇಳಿದೆ. ಸೇತುವೆ ಇಳಿದು ಟಾರು ರಸ್ತೆ ಮುಗಿಯುವವರೆಗೆ ಕಾರಿನಲ್ಲಿ ಇಷ್ಟು ನಿಮಿಷ ಎಂದು ಹೇಳಿ, ಸ್ವಲ್ಪ ತಡೆದು, "ಆಮೇಲೆ ಅದೇ ಸಾರ್, ನೀರು ಏರಿದ ಹಾಗೆ" ಎಂದ.

ಆ ವರ್ಷ ಶಾಲೆ ಬಿಟ್ಟವನು ಅವನೊಬ್ಬನೇ ಅಲ್ಲ. ಅದೇ ತರಗತಿಯ ಒಬ್ಬ ಹುಡುಗಿಯೂ ಆಗಸ್ಟಿನಲ್ಲಿ ಬರುವುದನ್ನು ನಿಲ್ಲಿಸಿದಳು, ಮರಳಲಿಲ್ಲ. ವಹಿಯಲ್ಲಿ ಅವಳ ಹೆಸರಿನ ಮುಂದೆ ನಾಲ್ಕು ಮೈಲಿ ಎಂದಿತ್ತು. ಎರಡು ಮೈಲಿಯ ನಿಜವಾದ ಅರ್ಥ ತಿಳಿದ ಮೇಲೆ, ನಾಲ್ಕು ಮೈಲಿ ನಡೆದು ಅವಳ ಮನೆಯನ್ನು ಹುಡುಕಲು ನಾನು ಹೋಗಲಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಅವಳ ವಿಚಾರ ತಿಳಿದಿದ್ದರೆ ನನಗೊಂದು ಕಾಗದ ಬರೆಯಿರಿ.