ಬಿಲ್ಲಿನಿಂದ .375ರವರೆಗೆ: ದೊಡ್ಡ ಬೇಟೆಯ ಆಯುಧ

ದೆಹಲಿಯ ಕೆರೆಯೊಂದರ ದಂಡೆಯ ಗುಮ್ಮಟದಡಿ ಮಲಗಿರುವ ಸುಲ್ತಾನ ಫಿರೋಜ್ ಶಾ ತುಘಲಕ್ (ಮರಣ 1388) ಕಟ್ಟಡಗಳಷ್ಟೇ ಬೇಟೆಯ ಹುಚ್ಚಿನವನು. ಅಲಾವುದ್ದೀನ್ ಖಿಲ್ಜಿ ತೋಡಿಸಿದ್ದ ಈ ಕೆರೆಯ ಹೂಳೆತ್ತಿಸಿ, ದಂಡೆಯ ಮೇಲೆ ಮದರಸಾ ಕಟ್ಟಿಸಿದ. ಮೀರತ್‌ನಿಂದ ತಂದ ಅಶೋಕ ಸ್ತಂಭವನ್ನು ಮಾತ್ರ ನಿಲ್ಲಿಸಿದ್ದು ಉತ್ತರದ ದಿಣ್ಣೆಯಲ್ಲಿದ್ದ ತನ್ನ ಬೇಟೆಯರಮನೆಯಲ್ಲಿ! 1360-61ರ ಒಡಿಶಾ ದಂಡಯಾತ್ರೆಯ ನಡುವೆಯೂ ಆನೆ ಬೇಟೆಗೆ ಪುರಸೊತ್ತು ಮಾಡಿಕೊಂಡ. ದೆಹಲಿಗೆ ಸತ್ತ ಆನೆಗಿಂತ ಹಿಡಿದು ತಂದ ಆನೆಯೇ ಬೆಲೆಯುಳ್ಳದ್ದು.

ಆಗಿನ ಬೇಟೆಗಾರನ ಕೈಯಲ್ಲಿದ್ದದ್ದು ಬಿಲ್ಲು, ಭರ್ಜಿ. ‘ಯಾವ ಕ್ಯಾಲಿಬರ್?’ ಎಂಬ ಚರ್ಚೆ ಹುಟ್ಟಿದ್ದು ರೈಫಲ್ ಬಂದ ಮೇಲೆ. ಕ್ಯಾಲಿಬರ್ ಎಂದರೆ ಸ್ಥೂಲವಾಗಿ ನಳಿಗೆಯ ಒಳವ್ಯಾಸ; .375 ಅಂದರೆ ಸುಮಾರು 9.5 ಮಿ.ಮೀ. 1912ರಲ್ಲಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ತಂದ .375 ಮ್ಯಾಗ್ನಂ, ಸುಮಾರು 19 ಗ್ರಾಂ ತೂಕದ ಗುಂಡನ್ನು ಹಾರಿಸುತ್ತದೆ. ಆಫ್ರಿಕದ ಹಲವೆಡೆ ಆನೆ, ಕಾಡೆಮ್ಮೆಗಳಿಗೆ ಇದಕ್ಕಿಂತ ಚಿಕ್ಕದು ಸಲ್ಲದು. ಆದರೆ ಅಗಲವೊಂದೇ ಸಾಲದು: ದಪ್ಪ ಚರ್ಮ, ಮೂಳೆ ದಾಟಿಯೂ ಚಪ್ಪಟೆಯಾಗದೆ ನೇರ ಸಾಗುವ ಗಟ್ಟಿ ಗುಂಡು ಬೇಕು. ಡಬ್ಲ್ಯೂ.ಡಿ.ಎಂ. ಬೆಲ್ ಎಂಬಾತ ಬರೀ 7 ಮಿ.ಮೀ. ರೈಫಲ್ಲಿನಿಂದ ನೂರಾರು ಆನೆಗಳನ್ನು ಉರುಳಿಸಿದ. ಆನೆಯ ಬುರುಡೆಯೊಳಗೆ ಮೆದುಳೆಲ್ಲಿದೆ ಎಂದು ಕರಾರುವಾಕ್ಕಾಗಿ ಬಲ್ಲವನ ಕೈಚಳಕ ಅದು, ಉಳಿದವರಿಗೆ ಮಾದರಿಯಲ್ಲ.

1909ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಆಫ್ರಿಕಕ್ಕೆ ಒಯ್ದದ್ದರಲ್ಲಿ .405 ವಿಂಚೆಸ್ಟರ್ ಒಂದು. ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ಪರಿಚಿತರಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನು ಹತ್ತಿದ್ದೂ ಅದೇ ಕ್ಯಾಲಿಬರ್ ಹಿಡಿದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಭಾರತದಲ್ಲಿ ಮೋಜಿನ ಬೇಟೆಯ ಕಾಲ ಮುಗಿಯುತ್ತ ಬಂತು.