ತಲೆಯ ಗಾಯವೇ ಸಾಕ್ಷಿಯಾದ ಕೇಸು: ಜೇಮ್ಸ್ ಹ್ಯಾಡ್‌ಫೀಲ್ಡ್

ಇವತ್ತಿನ ಕಥೆ ಲಂಡನ್ನಿನದು. 1800ರ ಮೇ 15ರ ಸಂಜೆ, ಡ್ರೂರಿ ಲೇನ್ ನಾಟಕಶಾಲೆ. ಮೂರನೇ ಜಾರ್ಜ್ ದೊರೆ ಒಳಗೆ ಬಂದು ಜನರಿಗೆ ವಂದಿಸುತ್ತಿದ್ದಾನೆ. ಕೆಳಗೆ ಕೂತಿದ್ದ ಒಬ್ಬ ಎದ್ದು ಪಿಸ್ತೂಲು ಹಾರಿಸಿದ. ಗುರಿ ತಪ್ಪಿತು.

ಅವನ ಹೆಸರು ಜೇಮ್ಸ್ ಹ್ಯಾಡ್‌ಫೀಲ್ಡ್, ಮಾಜಿ ಸೈನಿಕ. 1794ರಲ್ಲಿ ಫ್ರೆಂಚರ ವಿರುದ್ಧದ ಯುದ್ಧದಲ್ಲಿ ತಲೆಗೆ ಹಲವು ಕತ್ತಿಯೇಟು ಬಿದ್ದು, ಸೆರೆ ಸಿಕ್ಕು, ಹೇಗೋ ಬದುಕಿ ಬಂದಿದ್ದ. ಆದರೆ ವಾಪಸ್ ಬಂದವನು ಹಳೇ ಮನುಷ್ಯನಾಗಿರಲಿಲ್ಲ. ತಾನು ಸತ್ತರೇನೇ ಲೋಕಕ್ಕೆ ಉದ್ಧಾರ ಅಂತ ನಂಬಿಬಿಟ್ಟಿದ್ದ. ಆತ್ಮಹತ್ಯೆ ಪಾಪ. ದೊರೆಯ ಮೇಲೆ ಗುಂಡು ಹಾರಿಸಿದರೆ ಸರ್ಕಾರವೇ ಕೊಲ್ಲುತ್ತೆ ಅನ್ನೋದು ಅವನ ಲೆಕ್ಕ.

ಈಗ ಕೋರ್ಟಿಗೆ ಬರೋಣ. ಆಗಿನ ಕಾನೂನಿನ ಪ್ರಕಾರ ಹುಚ್ಚು ಅಂದರೆ ಬುದ್ಧಿ ಪೂರ್ತಿ ಹೋಗಿರಬೇಕು. ಇವನೋ ಪಿಸ್ತೂಲು ಹೊಂದಿಸಿಕೊಂಡು, ಯೋಜನೆ ಹಾಕಿಕೊಂಡು ಬಂದವನು! ವಕೀಲ ಥಾಮಸ್ ಅರ್ಸ್ಕಿನ್ ವಾದ ಬೇರೆ: ಯೋಜನೆ ಹಾಕೋ ಬುದ್ಧಿ ಇದ್ದರೂ ಆ ಯೋಜನೆಯ ಬುಡದಲ್ಲೇ ಭ್ರಮೆ ಇರಬಹುದು. ಅವರು ಜ್ಯೂರಿಗೆ ಅವನ ತಲೆಯ ಗಾಯವನ್ನೇ ತೋರಿಸಿದರು. ವೈದ್ಯರೂ ಸಾಕ್ಷಿ ನುಡಿದರು. ನ್ಯಾಯಾಧೀಶ ಲಾರ್ಡ್ ಕೆನ್ಯನ್ ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸಿದರು. ತೀರ್ಪು: ನಿರ್ದೋಷಿ.

ನಿರ್ದೋಷಿ ಅಂದರೆ ಮನೆಗೆ ಹೋಗಬಹುದಲ್ವಾ? ಇಲ್ಲ. ಕೆಲವೇ ವಾರಗಳಲ್ಲಿ ಸಂಸತ್ತು ಹೊಸ ಕಾಯ್ದೆ ತಂದಿತು: ಇಂಥವರನ್ನು ದೊರೆಯ ಮರ್ಜಿ ಇರೋವರೆಗೂ ಬಂಧನದಲ್ಲಿಡಬಹುದು. ಅವಧಿಯೇ ಇಲ್ಲ. ಹ್ಯಾಡ್‌ಫೀಲ್ಡ್ ಬೆತ್ಲೆಮ್ ಆಸ್ಪತ್ರೆಗೆ ಹೋದ. 1802ರಲ್ಲಿ ತಪ್ಪಿಸಿಕೊಂಡು ಡೋವರ್‌ನಲ್ಲಿ ಸಿಕ್ಕಿಬಿದ್ದ. ಆಮೇಲೆ ಹಲವು ವರ್ಷ ಜೈಲು, ಮತ್ತೆ ಬೆತ್ಲೆಮ್. 1841ರಲ್ಲಿ ಸತ್ತಾಗ ಸುಮಾರು ನಲವತ್ತೊಂದು ವರ್ಷ ಬಂಧನದಲ್ಲೇ ಕಳೆದಿತ್ತು. ನೇಣು ತಪ್ಪಿತು, ಬಾಗಿಲು ಮಾತ್ರ ತೆರೆಯಲಿಲ್ಲ.

ಈ ಹಾದಿ ಬ್ರಿಟಿಷರ ಜೊತೆ ನಮ್ಮಲ್ಲಿಗೂ ಬಂತು. 1860ರ ಭಾರತೀಯ ದಂಡ ಸಂಹಿತೆಯ 84ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಎರಡೂ ಬುದ್ಧಿ ಸ್ವಾಧೀನದಲ್ಲಿಲ್ಲದವನಿಗೆ ವಿನಾಯಿತಿ ಕೊಡುತ್ತವೆ. ಹಾಗೆ ಬಿಡುಗಡೆಯಾದವರನ್ನು ಸುರಕ್ಷಿತ ಬಂಧನದಲ್ಲಿಡುವ ಅವಕಾಶವೂ ನಮ್ಮ ಕಾನೂನಿನಲ್ಲಿದೆ.

ಹ್ಯಾಡ್‌ಫೀಲ್ಡ್‌ನ ಅದೃಷ್ಟ ಏನು ಗೊತ್ತಾ? ಅವನ ಗಾಯ ಕಣ್ಣಿಗೆ ಕಾಣುತ್ತಿತ್ತು. ಮಿದುಳಿನ ಎಷ್ಟೋ ಗಾಯಗಳು ಹೊರಗೆ ಕಾಣಲ್ಲ. ಬೈಕಿನಿಂದ ಬಿದ್ದದ್ದು, ಚಿಕ್ಕಂದಿನ ಹೊಡೆತ ಎಲ್ಲರಿಗೂ ಮರೆತುಹೋಗಿರುತ್ತೆ. ಉಳಿಯೋದು ಮುಂಗೋಪ, ಮರೆವು, ದುಡುಕು. ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಆವೇಶಕ್ಕೆ ಬ್ರೇಕ್ ಹಾಕೋ ಶಕ್ತಿ ಕುಗ್ಗುತ್ತೆ. ಬೀಗ ಹಾಕಿದ ವಾರ್ಡಿನಲ್ಲಿ ಅದು 'ಹೇಳಿದ ಮಾತು ಕೇಳಲ್ಲ' ಅನ್ನೋ ದೂರಾಗುತ್ತೆ. ದೂರಿಗೆ ಸಿಗೋದು ಶಿಕ್ಷೆ, ಚಿಕಿತ್ಸೆ ಅಲ್ಲ.

ಜೈಲು, ಭದ್ರತಾ ಮನೋರೋಗ ವಾರ್ಡುಗಳಲ್ಲಿ ತಲೆಗೆ ಪೆಟ್ಟಾದವರು ಹೊರಗಿನವರಿಗಿಂತ ಹೆಚ್ಚು ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಹಾಗಾಗಿ ದಾಖಲಾದ ದಿನವೇ ಒಂದು ಪ್ರಶ್ನೆ ಕೇಳಲೇಬೇಕು: ಯಾವತ್ತಾದರೂ ತಲೆಗೆ ಪೆಟ್ಟುಬಿದ್ದು ಪ್ರಜ್ಞೆ ತಪ್ಪಿತ್ತಾ? ಅರ್ಸ್ಕಿನ್ ಬೆರಳು ತೋರಿಸಿದ್ದು ಕಾಣುವ ಗಾಯಕ್ಕೆ. ಕಾಣದ ಗಾಯ ಹೊತ್ತವರಿಗೆ ಈ ಪ್ರಶ್ನೆಯೇ ವಕೀಲ.