ಮರಳ ಮೇಲಿನ ಮಗ್ಗಿಯನ್ನು ಕಂಡ ರೋಮಿನ ಪ್ರವಾಸಿ

ಇಟಲಿಯ ರೋಮ್ ನಗರದ ಪುರಾತನ ಶ್ರೀಮಂತ ಮನೆತನಗಳಲ್ಲಿ ದೆಲ್ಲಾ ವಾಲೆ ಮನೆತನವೂ ಒಂದು. ಈ ಮನೆತನದ ಇಬ್ಬರು ಚರಿತ್ರೆಯಲ್ಲಿ ಹೆಸರಾದವರು. ಮೊದಲನೆಯವನು ಆಂದ್ರೆಯಾ. 1517ರಲ್ಲಿ ಪೋಪ್ ಹತ್ತನೆಯ ಲಿಯೋ ಈತನನ್ನು ಕಾರ್ಡಿನಲ್ ಪದವಿಗೆ ಏರಿಸಿದನು. ಪ್ರಾಚೀನ ರೋಮನ್ ಶಿಲ್ಪಗಳನ್ನು ಸಂಗ್ರಹಿಸಿ ತನ್ನ ಅರಮನೆಯಲ್ಲಿ ಇರಿಸಿದ್ದನು. ಆತನ ಕಾಲಾನಂತರ, 1584ರಲ್ಲಿ, ಆ ಸಂಗ್ರಹ ಮೆದಿಚಿ ಮನೆತನದ ಪಾಲಾಯಿತು.

ಎರಡನೆಯವನು 1586ರಲ್ಲಿ ಹುಟ್ಟಿದ ಪಿಯೆತ್ರೋ. ನಮ್ಮ ನಾಡಿಗೆ ಬಂದು ಹೋದವನು ಈತನೇ. 1614ರಲ್ಲಿ ವೆನಿಸ್‌ನಿಂದ ಹಡಗೇರಿ ತುರ್ಕಿ, ಈಜಿಪ್ಟ್, ಜೆರುಸಲೇಮ್‌ಗಳನ್ನು ನೋಡಿಕೊಂಡು ಬಾಗ್ದಾದ್ ತಲುಪಿದನು. ಅಲ್ಲಿ ಮಾನಿ ಎಂಬ ಕನ್ಯೆಯನ್ನು ಮದುವೆಯಾಗಿ, ಆಕೆಯೊಡನೆ ಪರ್ಷಿಯಾಕ್ಕೆ ಹೋದನು. ಪರ್ಸೆಪೊಲಿಸ್‌ನ ಪಾಳು ಅರಮನೆಯಲ್ಲಿದ್ದ ಮೊಳೆಯಾಕಾರದ ಲಿಪಿಯ ಕೆಲವು ಅಕ್ಷರಗಳನ್ನು ನಕಲು ಮಾಡಿಕೊಂಡು ಯುರೋಪಿಗೆ ಪರಿಚಯಿಸಿದನು. 1621ರ ಕೊನೆಯಲ್ಲಿ ಮಾನಿ ಜ್ವರದಿಂದ ತೀರಿಕೊಂಡಳು. ಆಕೆಯ ದೇಹವನ್ನು ಕೆಡದಂತೆ ಮಾಡಿಸಿ, ವರ್ಷಗಟ್ಟಲೆ ಪ್ರಯಾಣದ ನಂತರ ರೋಮಿಗೆ ಒಯ್ದು ತನ್ನ ಮನೆತನದ ಸಮಾಧಿಯಲ್ಲಿ ಮಣ್ಣು ಮಾಡಿದನು.

ಆ ದುಃಖವನ್ನು ಹೊತ್ತೇ ಪಿಯೆತ್ರೋ 1623ರಲ್ಲಿ ಭಾರತಕ್ಕೆ ಬಂದನು. ಅದೇ ವರ್ಷ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯ ಘಟ್ಟ ಹತ್ತಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದನು. ಬಳಿಕ ಕರಾವಳಿಗಿಳಿದು ಉಳ್ಳಾಲದ ರಾಣಿಯನ್ನೂ ಕಂಡನು. ಕಾಲುವೆಯ ಕೆಲಸ ನೋಡಲು ಆಕೆ ಬರಿಗಾಲಲ್ಲಿ ನಡೆದು ಬಂದಿದ್ದಳಂತೆ.

ಇಕ್ಕೇರಿಯ ದಾರಿಯಲ್ಲಿ, ಒಂದು ದೇವಾಲಯದ ಮೊಗಸಾಲೆಯಲ್ಲಿ ಈತ ಕಂಡ ನೋಟ ಶಾಲೆಯವರಾದ ನಮಗೆ ಮುಖ್ಯವಾದುದು. ನಾಲ್ವರು ಹುಡುಗರು ನೆಲದ ಮೇಲೆ ನುಣುಪಾದ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತಾ, ಒಂದೇ ರಾಗದಲ್ಲಿ ಲೆಕ್ಕದ ಪಾಠ ಹೇಳುತ್ತಿದ್ದರು. ನಾವು ಮಗ್ಗಿ ಹೇಳಿದಂತೆಯೇ! ಜಾಗ ತುಂಬಿದರೆ ಅಳಿಸಿ, ಹೊಸ ಮರಳು ಹರಡುತ್ತಿದ್ದರು. ಹತ್ತಿರ ಗುರುಗಳಿರಲಿಲ್ಲ. ತಪ್ಪಿದರೆ ತಿದ್ದುವವರು ಯಾರೆಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಮರೆಯುವುದಿಲ್ಲ, ಒಬ್ಬ ಮರೆತರೆ ಇನ್ನೊಬ್ಬ ಹೇಳಿಕೊಡುತ್ತಾನೆ ಎಂಬರ್ಥದ ಉತ್ತರ ಬಂತು. ಅವರ ಕಲಿಕೆಯ ಕ್ರಮ ಸುಲಭವೂ ಭದ್ರವೂ ಆದುದೆಂದು ಪಿಯೆತ್ರೋ ಮೆಚ್ಚಿದನು.

ಇದನ್ನೆಲ್ಲ ಈತ ನೇಪಲ್ಸ್‌ನ ತನ್ನ ವೈದ್ಯ ಮಿತ್ರನಿಗೆ ಪತ್ರಗಳಲ್ಲಿ ಬರೆದನು. 1652ರಲ್ಲಿ ಈತ ತೀರಿಕೊಂಡ ಮೇಲೆ, 1663ರಲ್ಲಿ ಭಾರತದ ಪತ್ರಗಳು ಅಚ್ಚಾದವು. ಮರಳಿನ ಅಂಕಿಗಳು ಆ ದಿನವೇ ಅಳಿಸಿಹೋದವು, ಕಾಗದದ ಮಾತು ನಾನೂರು ವರ್ಷ ಉಳಿಯಿತು. ಆದರೆ ಆ ಪತ್ರದಲ್ಲಿ ಹುಡುಗರ ಹೆಸರುಗಳಿಲ್ಲ.

ನಮ್ಮ ಶಾಲೆಗೀಗ ಐವತ್ತು ತುಂಬಿದೆ. ಇಲ್ಲಿ ಕಲಿತವರ, ಕಲಿಸಿದವರ, ಶಾಲೆಗಾಗಿ ದುಡಿದ ಊರವರ ಹೆಸರನ್ನು ಬರೆದಿಡಲು ಹೊರಗಿನ ಪ್ರವಾಸಿಯೊಬ್ಬ ಬರಲೆಂದು ನಾವು ಕಾಯಬೇಕಾಗಿಲ್ಲ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸೋಣ, ಬರೆದಿಡೋಣ. ಆ ನಾಲ್ವರು ಹುಡುಗರು ಕಲಿಸಿದ ಪಾಠವೂ ಇದೇ.